ಕೆಟ್ಟು ನಿಂತಾಗ ಗೊತ್ತಾಗುವುದು: ಅಂಬಾಸಡರ್ ಮತ್ತು ಮಾರುತಿ 800

(ಧಾರವಾಡದಲ್ಲಿ ಹಳೆಯ ವಾಹನಗಳ ಮೇಲೆ ಒಲವುಳ್ಳವರ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತು ಅಡ್ಡದಾರಿ ಹಿಡಿದ ಕಡೆ ಕೊಂಚ ನೇರ ಮಾಡಿದ್ದೇನೆ, ಪೂರ್ತಿ ಅಲ್ಲ.)

ಎಲ್ಲರಿಗೂ ನಮಸ್ಕಾರ. ಈ ಜಿಟಿಜಿಟಿ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಧಾರವಾಡದವರಿಗೆ ಮಳೆ ಒಂದು ನೆಪವೇ ಅಲ್ಲ ಎಂಬುದನ್ನು ಹುಬ್ಬಳ್ಳಿಯವನಾದ ನಾನು ಒಪ್ಪಿಕೊಳ್ಳಬೇಕು.

ಒಳಗೆ ಬರುವಾಗ ಬೇವಿನ ಮರದ ಕೆಳಗೆ ಎರಡು ಗಾಡಿಗಳನ್ನು ನೋಡಿರುತ್ತೀರಿ. ಬಿಳಿಯದು 1974ರ ಅಂಬಾಸಡರ್ ಮಾರ್ಕ್ ಟೂ, ನಮ್ಮ ತಂದೆಯವರದು. ಕೆಂಪುಬಣ್ಣದ್ದು 1997ರ ಮಾರುತಿ 800. ಅದನ್ನು ನನ್ನದು ಎಂದು ಹೇಳಿಕೊಂಡು ಬಹಳ ವರ್ಷ ತಿರುಗಿದೆ. ಆಮೇಲೆ ಅದು ನನ್ನ ಹೆಂಡತಿಯದು ಎಂದು ತಿಳಿಯಿತು, ಆ ಕಥೆ ಮುಂದೆ ಬರುತ್ತದೆ. ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಿಕೊಂಡಿದ್ದೇನೆ, ಹಾಗಾಗಿ ಎರಡನ್ನೂ ಓಡಿಸಿಕೊಂಡು ಬಂದವರು ನನ್ನ ಹಳೆಯ ವಿದ್ಯಾರ್ಥಿಗಳು. ನಾನು ಬಂದದ್ದು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ. ಎಲ್ಲರಿಗಿಂತ ಮೊದಲು ಬಂದು ಮುಟ್ಟಿದವನೂ ನಾನೇ.

ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಆಟೊಮೊಬೈಲ್ ಪಾಠ ಮಾಡಿದ್ದೇನೆ. ಪರೀಕ್ಷೆಯಲ್ಲಿ 'ಹೋಲಿಸಿ ಬರೆಯಿರಿ, ಹತ್ತು ಅಂಕ' ಎಂಬ ಪ್ರಶ್ನೆ ಬಂದರೆ ಹುಡುಗರು ಹಾಳೆಯ ನಡುವೆ ಒಂದು ಗೆರೆ ಎಳೆಯುತ್ತಿದ್ದರು. ಎಡಕ್ಕೆ ಇದು, ಬಲಕ್ಕೆ ಅದು. ಉದ್ದ, ಅಗಲ, ಸಿಲಿಂಡರ್, ಅಶ್ವಶಕ್ತಿ. ನಾನೇ ಕಲಿಸಿದ ಪದ್ಧತಿ, ಹಾಗಾಗಿ ಅಂಕ ಕೊಡದೆ ಗತಿಯಿರಲಿಲ್ಲ. ಇವತ್ತು ಮಾತ್ರ ಆ ಗೆರೆ ಬೇಡ. ಚೆನ್ನಾಗಿ ಓಡುತ್ತಿರುವ ಎರಡು ಗಾಡಿಗಳನ್ನು ಹೋಲಿಸಿದರೆ ಅವುಗಳ ಸ್ವಭಾವ ತಿಳಿಯುವುದಿಲ್ಲ. ಅವು ಹೇಗೆ ಕೆಡುತ್ತವೆ, ಎಲ್ಲಿ ನಿಲ್ಲುತ್ತವೆ, ನಿಂತ ಮೇಲೆ ನಮ್ಮ ಕೈಯಿಂದ ಏನು ಮಾಡಿಸುತ್ತವೆ ಎಂಬುದನ್ನು ನೋಡಬೇಕು. ನಾನು ಹೇಳಬೇಕೆಂದಿರುವುದು ಅದನ್ನೇ.

ಆದರೂ ಜಾತಕ ಹೇಳದೆ ಮದುವೆ ಮಾತು ಮುಂದುವರಿಯುವುದಿಲ್ಲ. ಬೇಗ ಮುಗಿಸುತ್ತೇನೆ. ಹಿಂದೂಸ್ತಾನ್ ಮೋಟರ್ಸ್ ಹುಟ್ಟಿದ್ದು 1942ರಲ್ಲಿ. ಅಂಬಾಸಡರ್ ತಯಾರಾದದ್ದು ಕೋಲ್ಕತ್ತಾದ ಹತ್ತಿರದ ಉತ್ತರಪಾಡಾದಲ್ಲಿ. ಅದರ ಮೂಲ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ ತ್ರೀ. ಆ ಗಾಡಿ ತನ್ನ ತವರಿನಲ್ಲಿ 1956ರಲ್ಲಿ ಬಂದು ಆ ದಶಕ ಮುಗಿಯುವುದರೊಳಗೆ ಮೂಲೆಗೆ ಸೇರಿತು. ನಮ್ಮಲ್ಲಿ ಅದೇ ಮೈಕಟ್ಟು 2014ರ ಮೇ ತಿಂಗಳವರೆಗೆ ಬಾಳಿತು. ಮುಂದಿನ ಜಾಲರಿ ಬದಲಾಯಿತು, ದೀಪ ಬದಲಾಯಿತು, 1990ರ ದಶಕದಲ್ಲಿ ಇಸುಝುವಿನ ಎಂಜಿನ್ ಬಂತು. ಬೆನ್ನಿನ ಗುಂಡಗಿನ ಇಳಿಜಾರು ಮಾತ್ರ ಬದಲಾಗಲಿಲ್ಲ.

ಮಾರುತಿಯ ಮೊದಲ ಕಾರಿನ ಕೀಲಿಯನ್ನು ಇಂದಿರಾ ಗಾಂಧಿಯವರು 1983ರ ಡಿಸೆಂಬರ್ 14ರಂದು ಕೊಟ್ಟರು. ಜಪಾನಿನ ಸುಝುಕಿಯ ವಿನ್ಯಾಸ, ಗುರುಗ್ರಾಮದ ಕಾರ್ಖಾನೆ. ನಮಗೆ ಇಂದು ಪರಿಚಯವಿರುವ ಆಕಾರ ಬಂದದ್ದು 1986ರಲ್ಲಿ. ಅದರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಸುಮಾರು ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಹುಟ್ಟಿದ ಎರಡು ಗಾಡಿಗಳು ಒಂದೇ ವರ್ಷ, ನಾಲ್ಕು ತಿಂಗಳ ಹಿಂದೆಮುಂದೆ ಕಣ್ಣು ಮುಚ್ಚಿದವು. ಊರಿನಲ್ಲಿ ಅಜ್ಜ ಮೊಮ್ಮಗ ಒಂದೇ ವರ್ಷ ಹೋದರೆ ಜನ ಎಷ್ಟೋ ದಿನ ಮಾತಾಡುತ್ತಾರೆ. ಇವುಗಳ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲಿಲ್ಲ.

ಈಗ ಅಳತೆ. ಅಂಬಾಸಡರ್ ಸುಮಾರು 4.3 ಮೀಟರ್ ಉದ್ದ, ಮಾರುತಿ ಸುಮಾರು 3.3. ಒಂದು ಪೂರ್ತಿ ಮೀಟರ್ ವ್ಯತ್ಯಾಸ. ತೂಕದಲ್ಲಿ ಅದು ಒಂದು ಟನ್ನಿಗೂ ಹೆಚ್ಚು, ಇದು ಸುಮಾರು 650 ಕಿಲೋ. ಅದರ ಎಂಜಿನ್ 1489 ಸಿಸಿ, ನಾಲ್ಕು ಸಿಲಿಂಡರ್. ಇದರದು 796 ಸಿಸಿ, ಮೂರೇ ಸಿಲಿಂಡರ್. ಅದರ ಶಕ್ತಿ ಐವತ್ತು ಅಶ್ವಶಕ್ತಿಯ ಆಸುಪಾಸು, ಇದರದು ನಲವತ್ತಕ್ಕೆ ಸ್ವಲ್ಪ ಕಡಿಮೆ. ಇಲ್ಲಿ ಒಂದು ಲೆಕ್ಕ ಮಾಡಿ. ಎಂಜಿನ್ ಅರ್ಧದಷ್ಟಾದರೂ ಶಕ್ತಿ ಅರ್ಧವಾಗಲಿಲ್ಲ, ಹೊರಬೇಕಾದ ಭಾರ ಮಾತ್ರ ಅರ್ಧದ ಹತ್ತಿರಕ್ಕೆ ಇಳಿಯಿತು. ಅಂದರೆ ಒಂದೊಂದು ಕುದುರೆ ಎಳೆಯಬೇಕಾದ ಭಾರ ಚಿಕ್ಕ ಗಾಡಿಯಲ್ಲಿ ಕಡಿಮೆ. ಉಣಕಲ್ಲಿನ ಏರಿನಲ್ಲಿ ಮೊದಲ ಸಲ ಒಂದು ಮಾರುತಿ ನಮ್ಮ ಅಂಬಾಸಡರನ್ನು ಹಿಂದೆ ಹಾಕಿದಾಗ ನಮ್ಮ ತಂದೆಯವರಿಗೆ ಆದ ಅವಮಾನಕ್ಕೆ ಕಾರಣ ಈ ಭಾಗಾಕಾರ. 'ಇಲಿಮರಿ' ಎಂದರು. ಇಲಿಮರಿ ಅಷ್ಟು ಹೊತ್ತಿಗೆ ಭೈರಿದೇವರಕೊಪ್ಪ ದಾಟಿತ್ತು.

ಒಂದು ಮೀಟರ್ ಕಡಿಮೆ ಉದ್ದದಲ್ಲಿ ನಾಲ್ಕು ಜನ ಹೇಗೆ ಹಿಡಿದರು? ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಇದು. ಅಂಬಾಸಡರಿನಲ್ಲಿ ಎಂಜಿನ್ ಉದ್ದುದ್ದ ಕೂತಿದೆ. ಅದರ ಹಿಂದೆ ಗೇರ್ ಪೆಟ್ಟಿಗೆ, ಅಲ್ಲಿಂದ ಗಾಡಿಯ ಹೊಟ್ಟೆಯ ಕೆಳಗೆ ಉದ್ದಕ್ಕೂ ಒಂದು ತಿರುಗುವ ದಂಡ, ಅದು ಹಿಂದಿನ ಗಾಲಿಗಳನ್ನು ದೂಡುತ್ತದೆ. ಆ ದಂಡಕ್ಕಾಗಿ ಒಳಗಿನ ನೆಲದ ನಡುವೆ ಒಂದು ದಿಬ್ಬ. ಮಾರುತಿಯಲ್ಲಿ ಎಂಜಿನ್ನನ್ನು ಅಡ್ಡ ಮಲಗಿಸಿದರು, ಗೇರ್ ಪೆಟ್ಟಿಗೆಯನ್ನು ಅದರ ಪಕ್ಕಕ್ಕೆ ಜೋಡಿಸಿದರು, ಮುಂದಿನ ಗಾಲಿಗಳಿಂದಲೇ ಎಳೆಸಿದರು. ಉದ್ದನೆಯ ದಂಡವೇ ಇಲ್ಲ. ಗಾಲಿಗಳನ್ನು ಹನ್ನೆರಡು ಇಂಚಿಗೆ ಇಳಿಸಿದರು, ಅವು ತಿನ್ನುವ ಜಾಗವೂ ಉಳಿಯಿತು. ಯಂತ್ರಕ್ಕೆ ಕೊಟ್ಟಿದ್ದ ಜಾಗವನ್ನು ಕಿತ್ತು ಮನುಷ್ಯರಿಗೆ ಹಂಚಿದರು. ಒಳ್ಳೆಯ ಭೂಸುಧಾರಣೆ.

ಈಗ ಕೆಟ್ಟು ನಿಲ್ಲುವ ವಿಷಯಕ್ಕೆ ಬರೋಣ.

1983ರ ಬೇಸಿಗೆ. ನಾವು ಒಂಬತ್ತು ಜನ ಅಂಬಾಸಡರಿನಲ್ಲಿ ಗೋಕರ್ಣಕ್ಕೆ ಹೋಗಿ ಹಿಂದಿರುಗುತ್ತಿದ್ದೆವು. ಒಂಬತ್ತು ಎಂದರೆ ನಗಬೇಡಿ, ಸಿದ್ಧಾರೂಢರ ಜಾತ್ರೆಗೆ ಹನ್ನೊಂದು ಜನ ಹೋದ ದಾಖಲೆ ನಮ್ಮ ಮನೆಯಲ್ಲಿದೆ. ಮುಂದಿನ ಸೀಟು ಒಂದೇ ಉದ್ದ ಹಲಗೆಯಂಥದ್ದು, ಗೇರು ಸ್ಟೇರಿಂಗಿನ ಕುತ್ತಿಗೆಯ ಬಳಿ. ಹಾಗಾಗಿ ನಡುವೆ ಕೂತವರ ಮೊಣಕಾಲಿಗೆ ಏನೂ ತಗಲುತ್ತಿರಲಿಲ್ಲ. ಅರಬೈಲು ಘಟ್ಟದ ಏರು, ಮಧ್ಯಾಹ್ನದ ಎರಡು ಗಂಟೆ. ಗಾಡಿ ಮೊದಲು ಮುಗ್ಗರಿಸಿತು, ಒಮ್ಮೆ ಕೆಮ್ಮಿತು, ಆಮೇಲೆ ನಿಂತೇ ಹೋಯಿತು. ಡ್ರೈವರ್ ಗಡಿಬಿಡಿ ಮಾಡಲಿಲ್ಲ. ಬಾನೆಟ್ ಎತ್ತಿದ, ಅವ್ವನ ಹತ್ತಿರ ಇದ್ದ ಕುಡಿಯುವ ನೀರು ಕೇಳಿದ. ಅಪ್ಪನ ಉಪರಣೆಯನ್ನು ಒದ್ದೆ ಮಾಡಿ ಎಂಜಿನ್ನಿನ ಪಕ್ಕದ ಒಂದು ಚಿಕ್ಕ ಪಂಪಿಗೆ ಸುತ್ತಿದ. ಬೀಡಿ ಹಚ್ಚಿದ. ಬೀಡಿ ಮುಗಿಯುವ ಹೊತ್ತಿಗೆ ಗಾಡಿ ಚಾಲೂ ಆಯಿತು.

ಅಲ್ಲಿ ಆದದ್ದು ಇಷ್ಟು. ಎಂಜಿನ್ನಿನ ಮೈಗೆ ಅಂಟಿಕೊಂಡ ಪೆಟ್ರೋಲ್ ಪಂಪು ಕಾದು, ಒಳಗಿನ ಪೆಟ್ರೋಲ್ ಕುದಿದು ಆವಿಯಾಗಿತ್ತು. ಪಂಪು ದ್ರವವನ್ನು ಎಳೆಯಬಲ್ಲದು, ಗುಳ್ಳೆಯನ್ನು ಎಳೆಯಲಾರದು. ಒದ್ದೆ ಬಟ್ಟೆ ತಂಪು ಮಾಡಿದಾಗ ಆವಿ ಮತ್ತೆ ಪೆಟ್ರೋಲ್ ಆಯಿತು. ನಾನು ಇದನ್ನು ಎಂಜಿನಿಯರಿಂಗ್ ಪುಸ್ತಕದಲ್ಲಿ ಓದಿದ್ದೆ, ಆದರೆ ಅದಕ್ಕೆ ಮದ್ದು ಉಪರಣೆ ಎಂದು ಪುಸ್ತಕದಲ್ಲಿ ಬರೆದಿರಲಿಲ್ಲ.

ಆ ಗಾಡಿಯ ಬೇರೆ ಕಾಯಿಲೆಗಳೂ ಹೀಗೆಯೇ, ಕೈಗೆ ಸಿಗುವಂಥವು. ಬೆಳಿಗ್ಗೆ ಚಾಲೂ ಆಗಲಿಲ್ಲವೇ, ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟನ್ನು ಪಾಲಿಶ್ ಕಾಗದದಿಂದ ಉಜ್ಜಿ. ಎರಡು ಪಾಯಿಂಟುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ ಇರಬೇಕು. ಹಳೇ ಹುಬ್ಬಳ್ಳಿಯ ನಮ್ಮ ಮಿಸ್ತ್ರಿ ಚಾಚಾ ಅದಕ್ಕೆ ಬೆಂಕಿಪೆಟ್ಟಿಗೆಯ ರಟ್ಟು ಹರಿದು ತೂರಿಸಿ ನೋಡುತ್ತಿದ್ದರು. ನಾನು ಒಮ್ಮೆ ಕಾಲೇಜಿನಿಂದ ಸಂದು ಅಳೆಯುವ ಫೀಲರ್ ಗೇಜ್ ಒಯ್ದು ಅವರ ರಟ್ಟನ್ನು ಪರೀಕ್ಷಿಸಿದೆ. ರಟ್ಟು ಪಾಸಾಯಿತು. ಬ್ಯಾಟರಿ ಇಳಿದಿದೆಯೇ, ಮುಂದೆ ಹ್ಯಾಂಡಲ್ ತೂರಿಸಿ ಹೊಡೆಯಿರಿ. ಹೊಡೆಯುವಾಗ ಹೆಬ್ಬೆರಳನ್ನು ಬೇರೆ ಬೆರಳುಗಳ ಜೊತೆಗೇ ಇಡಬೇಕು, ಹ್ಯಾಂಡಲಿನ ಸುತ್ತ ಹಾಕಬಾರದು. ಎಂಜಿನ್ ತಿರುಗಿ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ನನ್ನ ಈ ಬೆರಳು ನೋಡಿ, ಸ್ವಲ್ಪ ಸೊಟ್ಟಗಿದೆಯಲ್ಲ, ಅದು ಪಾಠ ಕಲಿತ ಗುರುತು.

ಎಲ್ಲಕ್ಕಿಂತ ಮುಖ್ಯವಾದದ್ದು, ಅಂಬಾಸಡರ್ ಹೇಳದೆ ಕೆಡುತ್ತಿರಲಿಲ್ಲ. ಅದರ ಎಂಜಿನ್ ಪೂರ್ತಿ ಬೀಡುಕಬ್ಬಿಣ, ಸುತ್ತು ನಿಧಾನ, ಕೂಡುವ ಭಾಗಗಳ ನಡುವೆ ಧಾರಾಳವಾದ ಸಡಿಲು. ಸವೆಯುವುದೆಲ್ಲ ನಿಧಾನವಾಗಿ ಸವೆಯುತ್ತಿತ್ತು, ಸವೆದದ್ದೆಲ್ಲ ಸದ್ದು ಮಾಡುತ್ತಿತ್ತು. ಮುಂದಿನ ಗಾಲಿಯ ಬಳಿ ಕಟಕಟ ಎಂದರೆ ಗ್ರೀಸ್ ಕೇಳುತ್ತಿದೆ. ಹಿಂದೆ ಕಿರಗುಟ್ಟಿದರೆ ಸ್ಪ್ರಿಂಗಿನ ಪಾಟಾ ಒಣಗಿದೆ. ಗೇರ್ ಹಾಕುವಾಗ ಠಣ್ ಎಂದರೆ ದಂಡದ ಕೂಡಿಕೆ ಸವೆದಿದೆ. ವಾರಗಟ್ಟಲೆ ಗೊಣಗುತ್ತಿತ್ತು, ನಾವು ಕೇಳಿಸಿಕೊಳ್ಳದಿದ್ದರೆ ಮಾತ್ರ ನಿಲ್ಲುತ್ತಿತ್ತು. ಇದರ ಬೆಲೆಯೂ ಕಡಿಮೆಯಿರಲಿಲ್ಲ ಎನ್ನಿ. ತಿಂಗಳಿಗೊಮ್ಮೆ ಯಾರಾದರೂ ಗ್ರೀಸ್ ಗನ್ ಹಿಡಿದು ಅದರ ಕೆಳಗೆ ಮಲಗಲೇಬೇಕಿತ್ತು. ಆ ಯಾರಾದರೂ ಎಂಬುವನು ಸಾಮಾನ್ಯವಾಗಿ ನಾನೇ ಆಗಿರುತ್ತಿದ್ದೆ.

ಇನ್ನು ಮಾರುತಿ. 1997ರಲ್ಲಿ ಕೊಂಡ ಮೇಲೆ ಒಂಬತ್ತು ವರ್ಷ ಅದು ನಡುದಾರಿಯಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಬಾನೆಟ್ ಎತ್ತುವುದನ್ನೇ ಮರೆತಿದ್ದೆ. ಆಟೊಮೊಬೈಲ್ ಕಲಿಸುವ ಮಾಸ್ತರ ಹೀಗೆ ಹೇಳಬಾರದು, ಆದರೂ ನಿಜ. 2006ರಲ್ಲಿ ಗದಗಿನ ಒಂದು ಮದುವೆ ಮುಗಿಸಿ ರಾತ್ರಿ ಹೊರಟಿದ್ದೆವು. ಅಣ್ಣಿಗೇರಿ ದಾಟಿ ಸ್ವಲ್ಪ ದೂರ ಬಂದಿದ್ದೆವು, ಎರಡೂ ಕಡೆ ಎರೆಹೊಲ, ಒಂದು ದೀಪವಿಲ್ಲ. ಎಂಜಿನ್ ನಿಂತಿತು. ಕೆಮ್ಮಲಿಲ್ಲ, ಮುಗ್ಗರಿಸಲಿಲ್ಲ, ಸ್ವಿಚ್ ಆರಿಸಿದ ಹಾಗೆ ನಿಂತಿತು. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ಖುಷಿಯಿಂದ ಎನ್ನುವಂತೆ ತಿರುಗಿತು. ಆ ಹಗುರವಾದ ಸದ್ದು ಕೇಳಿದ ಕೂಡಲೇ ನನಗೆ ಅರ್ಥವಾಯಿತು. ಟೈಮಿಂಗ್ ಬೆಲ್ಟ್ ಹರಿದಿತ್ತು.

ಎಂಜಿನ್ನಿನ ಬಾಗಿಲುಗಳಂಥ ವಾಲ್ವುಗಳು ಯಾವ ಕ್ಷಣದಲ್ಲಿ ತೆರೆಯಬೇಕು, ಮುಚ್ಚಬೇಕು ಎಂಬುದನ್ನು ಎಂಜಿನ್ನಿನ ಕೆಳಭಾಗದಿಂದ ಮೇಲಕ್ಕೆ ತಿಳಿಸುವುದು ಈ ಬೆಲ್ಟು. ಅಂಬಾಸಡರಿನಲ್ಲಿ ಅದೇ ಕೆಲಸಕ್ಕೆ ಉಕ್ಕಿನ ಸರಪಳಿ ಇದೆ, ಸವೆದರೆ ಅದು ಗಲಗಲ ಎನ್ನುತ್ತದೆ. ರಬ್ಬರಿನ ಹಲ್ಲುಪಟ್ಟಿ ಸದ್ದಿಲ್ಲದೆ ಓಡುತ್ತದೆ, ಅದಕ್ಕೆ ಎಣ್ಣೆ ಬೇಡ, ತೂಕವಿಲ್ಲ. ಆದರೆ ಅದು ಹರಿಯುವ ಹಿಂದಿನ ಕ್ಷಣದವರೆಗೂ ಹೊಸದರಂತೆಯೇ ಕೆಲಸ ಮಾಡುತ್ತದೆ. ಇಂತಿಷ್ಟು ಕಿಲೋಮೀಟರಿಗೆ ಬದಲಿಸಿ ಎಂದು ಗಾಡಿಯ ಜೊತೆಗೆ ಬಂದ ಪುಸ್ತಿಕೆಯಲ್ಲಿ ಬರೆದಿತ್ತು. ಪುಸ್ತಿಕೆ ಮನೆಯ ಕಪಾಟಿನಲ್ಲಿ ಸುರಕ್ಷಿತವಾಗಿತ್ತು.

ನನ್ನ ಹೆಂಡತಿ ಕತ್ತಲೆಯಲ್ಲಿ ಕೂತು ಒಂದೇ ಮಾತು ಹೇಳಿದಳು: "ಇದು ಮೊದಲೇ ಒಂದು ಮಾತು ಹೇಳಬಾರದಿತ್ತೇ?" ಎರಡು ಗಾಡಿಗಳ ವ್ಯತ್ಯಾಸವನ್ನು ಮೂವತ್ತು ವರ್ಷ ಪಾಠ ಮಾಡಿದ ನಾನು ಅಷ್ಟು ಚಿಕ್ಕದಾಗಿ ಹೇಳಿರಲಿಲ್ಲ. ಆ ರಾತ್ರಿ ನನ್ನ ಹತ್ತಿರ ಪಾನಾ ಇತ್ತು, ಟಾರ್ಚ್ ಇತ್ತು, ಬೇಕಾದಷ್ಟು ಜ್ಞಾನವೂ ಇತ್ತು. ಯಾವುದೂ ಕೆಲಸಕ್ಕೆ ಬರಲಿಲ್ಲ. ಉಪರಣೆಯಿಂದ ಆಗುವ ಕೆಲಸ ಅದಲ್ಲ. ಮದುವೆಯ ಪಾತ್ರೆಗಳನ್ನು ಹೊತ್ತು ಹಿಂದೆ ಬರುತ್ತಿದ್ದ ಟೆಂಪೋಗೆ ಹಗ್ಗ ಕಟ್ಟಿಕೊಂಡು ಹುಬ್ಬಳ್ಳಿ ಮುಟ್ಟಿದೆವು. ಮರುದಿನ ಹೊಸ ಬೆಲ್ಟು ಹಾಕಿದ ಮೇಲೆ, ಏನೂ ಆಗೇ ಇಲ್ಲವೇನೋ ಎಂಬಂತೆ ಅದು ಮತ್ತೆ ವರ್ಷಗಟ್ಟಲೆ ಓಡಿತು.

ನೀರಿನ ವಿಷಯದಲ್ಲೂ ಇದೇ ಕಥೆ. ಅಂಬಾಸಡರ್ ಕುದಿದರೆ ಮರದ ನೆರಳು ನೋಡಿ ನಿಲ್ಲಿಸುತ್ತಿದ್ದೆವು, ತಣ್ಣಗಾದ ಮೇಲೆ ನೀರು ಹಾಕಿ ಹೊರಡುತ್ತಿದ್ದೆವು. ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಕಬ್ಬಿಣದ ಹೆಡ್ಡು, ಅಂಥ ಎಷ್ಟೋ ಬೇಸಿಗೆಗಳನ್ನು ಸಹಿಸಿಕೊಂಡಿತು. ಮಾರುತಿಯ ಹೆಡ್ಡು ಅಲ್ಯೂಮಿನಿಯಮ್. ಹಗುರ, ಶಾಖವನ್ನು ಬೇಗ ಬಿಟ್ಟುಕೊಡುತ್ತದೆ, ಆದರೆ ಅತಿಯಾಗಿ ಕಾದರೆ ಬಾಗುತ್ತದೆ. ಶಾಖ ತೋರಿಸುವ ಮುಳ್ಳು ಕೆಂಪಿಗೆ ಏರಿದ್ದನ್ನು ನೋಡಿಯೂ 'ಇನ್ನು ಎರಡೇ ಕಿಲೋಮೀಟರ್, ಮನೆಗೆ ಹೋಗಿ ನೋಡೋಣ' ಎಂದವರು ಹೆಡ್ಡನ್ನು ಲೇತಿಗೆ ಒಯ್ದದ್ದನ್ನು ಬಹಳ ನೋಡಿದ್ದೇನೆ. ನಿಮ್ಮಲ್ಲಿ ಯಾರಾದರೂ ಹಳೆಯ 800 ಕೊಳ್ಳುವವರಿದ್ದರೆ ಇಷ್ಟು ನೆನಪಿಡಿ: ಮೊದಲ ದಿನವೇ ಬೆಲ್ಟು ಬದಲಿಸಿ, ರೇಡಿಯೇಟರಿನ ಮೆತುಕೊಳವೆ ಬದಲಿಸಿ, ಮುಳ್ಳಿನ ಮಾತು ಕೇಳಿ. ಅದು ಆಡುವ ಮಾತು ಅದೊಂದೇ.

ಎಲ್ಲಿ ಕೂರುತ್ತೇವೆ ಎಂಬುದು ಇನ್ನೊಂದು ವಿಷಯ. ನಮ್ಮ ತಂದೆಯವರದು ಹುಬ್ಬಳ್ಳಿಯಲ್ಲಿ ಅರಳೆಯ ದಲಾಲಿ ಅಂಗಡಿ. ಅಂಬಾಸಡರಿನಲ್ಲಿ ಅವರ ಜಾಗ ಹಿಂದಿನ ಎಡಗಡೆ. ಅದರ ಒಳ್ಳೆಯ ಸೀಟು ಅದೇ. ಸೋಫಾದಂತೆ ಎತ್ತರ, ಕಾಲು ಚಾಚಲು ಜಾಗ, ತಲೆಯ ಮೇಲೆ ಪಗಡಿಗೂ ಸಾಲುವಷ್ಟು ಎತ್ತರ. ಬಾಗಿಲು ತೆರೆದರೆ ಬಗ್ಗದೆ ಇಳಿಯಬಹುದು. ಡ್ರೈವರಿನ ಪಾಲಿಗೆ ಬಂದದ್ದು ಗಟ್ಟಿ ಸ್ಟೇರಿಂಗು, ಭಾರವಾದ ಕ್ಲಚ್ಚು, ಎಂಜಿನ್ನಿನ ಬಿಸಿ. ಮಾಲೀಕ ಹಿಂದೆ ಕೂರುತ್ತಾನೆ, ಓಡಿಸುವವನು ಬೇರೆಯವನು ಎಂಬ ಕಾಲದ ಗಾಡಿ ಅದು.

ಮಾರುತಿ ಬಂದ ಮೊದಲ ವಾರ ತಂದೆಯವರು ರೂಢಿಯಂತೆ ಹಿಂದಿನ ಬಾಗಿಲು ತೆರೆದು ಎಡಗಡೆ ಕೂತರು. ಮೊಣಕಾಲು ಎದೆಗೆ ತಾಗಿತು. ಏನೂ ಹೇಳಲಿಲ್ಲ. ಅಂಗಡಿಯವರೆಗೆ ಹಾಗೆಯೇ ಮಡಚಿಕೊಂಡು ಕೂತಿದ್ದರು. ಹೀಗೆ ಒಂದು ತಿಂಗಳು ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಮುಂದಿನ ಬಾಗಿಲು ತೆರೆದು ನನ್ನ ಪಕ್ಕದಲ್ಲಿ ಕೂತು, "ಹಿಂದೆ ಬಿಸಿಲು ಬಹಳ" ಎಂದರು. ನಲವತ್ತರ ವಯಸ್ಸಿನಲ್ಲಿ ಮೊದಲ ಸಲ ಅಪ್ಪನ ಪಕ್ಕದಲ್ಲಿ ಕೂತು ಹುಬ್ಬಳ್ಳಿಯನ್ನು ನೋಡಿದೆ. ದುರ್ಗದಬೈಲಿನ ಯಾವ ಅಂಗಡಿ ಮೊದಲು ಯಾರದ್ದಾಗಿತ್ತು, ಯಾರು ದಿವಾಳಿಯಾದರು, ಎಲ್ಲ ಹೇಳುತ್ತಾ ಹೋದರು. ಹಿಂದೆ ಕೂತಾಗ ಅವರು ಡ್ರೈವರಿಗೆ ದಾರಿ ಹೇಳುವುದು ಬಿಟ್ಟು ಬೇರೆ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

ಹೆಂಡತಿಯ ಕಥೆ ಹೇಳುತ್ತೇನೆ ಎಂದಿದ್ದೆ. ಅವಳಿಗೆ ಧಾರವಾಡದ ಬ್ಯಾಂಕಿನಲ್ಲಿ ಕೆಲಸ. ಅಂಬಾಸಡರಿನಲ್ಲಿ ಕಲಿಯಲು ಒಮ್ಮೆ ಕೂತಿದ್ದಳು. ನಿಂತ ಗಾಡಿಯಲ್ಲಿ ಸ್ಟೇರಿಂಗ್ ತಿರುಗಿಸುವಷ್ಟರಲ್ಲಿ ಬೆವರಿ, "ಇದು ಗಾಡಿಯೋ ಗಾಣವೋ" ಎಂದು ಇಳಿದು ಹೋದಳು. ಮಾರುತಿಯಲ್ಲಿ ಹದಿನೈದು ದಿನಕ್ಕೆ ಕಲಿತಳು. ಆರು ತಿಂಗಳಲ್ಲಿ ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಅವಳೇ ಓಡಿಸಿಕೊಂಡು ಹೋಗತೊಡಗಿದಳು, ನಾನು ಬಸ್ಸಿಗೆ ಬಂದೆ. ಗಾಡಿ ಯಾರದು ಎಂಬ ವಿಷಯದಲ್ಲಿ ನನಗೆ ಜ್ಞಾನೋದಯವಾದದ್ದು ಆಗ. ಹಿಂದಿರುಗುವಾಗ ನವಲೂರಿನಲ್ಲಿ ನಿಲ್ಲಿಸಿ ಪೇರಲ ತರುತ್ತಿದ್ದಳು. ಮಾರುತಿಯ ಡಿಕ್ಕಿಯಲ್ಲಿ ಒಂದು ಬುಟ್ಟಿ ಪೇರಲ ಇಟ್ಟರೆ ಕೊಡೆಗೂ ಜಾಗವಿಲ್ಲ. ಅಂಬಾಸಡರಿನ ಡಿಕ್ಕಿಯಲ್ಲಿ ಪೇರಲ ಮಾರುವವಳನ್ನೂ ಕೂರಿಸಬಹುದು. ದೊಡ್ಡ ಗಾಡಿಯ ಪರವಾಗಿ ಇಷ್ಟನ್ನಾದರೂ ಹೇಳಬೇಕು.

ಎರೆಮಣ್ಣಿನ ಬಗ್ಗೆ ಹೇಳದೆ ನಮ್ಮ ಕಡೆಯ ಗಾಡಿಗಳ ಮಾತು ಪೂರ್ತಿಯಾಗುವುದಿಲ್ಲ. ನವಲಗುಂದದ ಕಡೆ ಹೊಲದ ದಾರಿಯಲ್ಲಿ ಮಳೆ ಬಂದ ಮೇಲೆ ಹೋದವರಿಗೆ ಗೊತ್ತು. ಮಣ್ಣು ಗಾಲಿಗೆ ಮೆತ್ತಿಕೊಂಡು ಗಾಲಿಯೇ ಚಕ್ಕುಲಿಯಂತೆ ದಪ್ಪವಾಗುತ್ತದೆ. ಅಂಬಾಸಡರಿಗೆ ಹದಿನೈದು ಇಂಚಿನ ಗಾಲಿ, ಎತ್ತರದ ಹೊಟ್ಟೆ. ಒಣ ದಾರಿಯಲ್ಲಿ, ಚಕ್ಕಡಿಯ ಗಾಲಿ ತೋಡಿದ ಕೊರಕಲಿನಲ್ಲಿ ಅದಕ್ಕೆ ಸಾಟಿಯಿಲ್ಲ. ಅದೇ ದಾರಿಯಲ್ಲಿ ಮಾರುತಿಯ ಹೊಟ್ಟೆ ನಡುವಿನ ದಿಬ್ಬಕ್ಕೆ ಉಜ್ಜುತ್ತದೆ, ಆ ಸದ್ದು ಕೇಳಿದರೆ ನಮ್ಮ ಹಲ್ಲು ಜುಂ ಎನ್ನುತ್ತದೆ. ಹಸಿಯಾದರೆ ಲೆಕ್ಕ ತಿರುಗುತ್ತದೆ. ಭಾರದ ಗಾಡಿ ಎರೆಯಲ್ಲಿ ಇಳಿಯಿತೆಂದರೆ ಎತ್ತು ಕಟ್ಟಬೇಕು ಅಥವಾ ಟ್ರ್ಯಾಕ್ಟರ್ ಬರಬೇಕು. ಮಾರುತಿ ಹೂತಾಗ ಆರು ಜನ ಬಂದರು. ಸೆರಗು ಕಟ್ಟಿಕೊಂಡ ಇಬ್ಬರು ಹೆಣ್ಣುಮಕ್ಕಳೂ ಆ ಆರರಲ್ಲಿ ಸೇರಿದ್ದರು. ನಾವು ಇಳಿದೆವು, ಅವರು ಗಾಡಿಯನ್ನು ಅನಾಮತ್ತಾಗಿ ಎತ್ತಿ ಬದುವಿನ ಮೇಲೆ ಇಟ್ಟರು. ಜೋಳದ ಚೀಲ ಎತ್ತುವವರಿಗೆ ಅದೊಂದು ಭಾರವೇ ಅಲ್ಲ.

ಸುರಕ್ಷತೆಯ ಬಗ್ಗೆ ಒಂದು ಭ್ರಮೆ ಇದೆ, ಅದನ್ನು ಬಿಡಿಸಬೇಕು. "ಅಂಬಾಸಡರ್ ತಗಡು ಗಟ್ಟಿ, ಗುದ್ದಿದರೂ ಏನೂ ಆಗುವುದಿಲ್ಲ" ಎನ್ನುತ್ತಾರೆ. ಗಾಡಿಗೆ ಏನೂ ಆಗುವುದಿಲ್ಲ ಎಂದರೆ ಆ ಪೆಟ್ಟು ಎಲ್ಲಿಗೆ ಹೋಯಿತು? ಒಳಗಿದ್ದವರಿಗೆ. ಇಂದಿನ ಗಾಡಿಗಳ ಮುಂಭಾಗ ತಾನೇ ಮುದುಡಿ ಪೆಟ್ಟನ್ನು ನುಂಗುವಂತೆ ಮಾಡಿರುತ್ತಾರೆ. ನಮ್ಮ 1974ರ ಗಾಡಿಯಲ್ಲಿ ಅದಿಲ್ಲ, ಸ್ಟೇರಿಂಗಿನ ದಂಡ ನೇರ ಎದೆಗೆ ಗುರಿಯಿಟ್ಟಿದೆ, ಬೆಲ್ಟು ಇರಲೇ ಇಲ್ಲ. ಮುಂದಿನ ಸೀಟಿಗೆ ಬೆಲ್ಟು ಕಡ್ಡಾಯವಾದದ್ದು 1994ರಲ್ಲಿ, ಚಾಲಕನಿಗೆ ಗಾಳಿಚೀಲ ಕಡ್ಡಾಯವಾದದ್ದು 2019ರಲ್ಲಿ. ಗಾಳಿಚೀಲ ಬರುವ ಹೊತ್ತಿಗೆ ಎರಡೂ ಗಾಡಿಗಳ ತಯಾರಿಕೆಯೇ ನಿಂತುಹೋಗಿತ್ತು. ಮಾರುತಿಯ ತಗಡಂತೂ ಮೊಣಕೈ ಊರಿದರೆ ತಗ್ಗುತ್ತದೆ. ಈ ವಿಷಯದಲ್ಲಿ ಎರಡೂ ನಪಾಸು. ಬೈಪಾಸ್ ಮೇಲೆ ಲಾರಿಗಳ ನಡುವೆ ಇವನ್ನು ಓಡಿಸಬೇಡಿ ಎಂದು ನನ್ನ ಹುಡುಗರಿಗೆ ಹೇಳಿದ್ದೇನೆ. ಇವತ್ತು ಇಬ್ಬರೂ ನವನಗರದ ಹಳೆಯ ದಾರಿಯಲ್ಲೇ ಬಂದಿದ್ದಾರೆ. ಹಾಗಾಗಿಯೇ ತಡ.

ಇಷ್ಟು ಹೇಳಿ ನಾನು ಕೂರಬೇಕೆಂದಿದ್ದೆ, ಪ್ರಶ್ನೆಗಳು ಬಿಡಲಿಲ್ಲ. ನೆನಪಿರುವಷ್ಟನ್ನು ಬರೆಯುತ್ತೇನೆ.

ಒಬ್ಬ ವಿದ್ಯಾರ್ಥಿನಿ ಈಗಿನ ಎಥೆನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಕೇಳಿದಳು. ಒಳ್ಳೆಯ ಪ್ರಶ್ನೆ, ತಂಗಿ. ಹಳೆಯ ಎಂಜಿನ್ನುಗಳಿಗೆ ಇಂಧನ ಬದಲಾಗುವುದು ಇದೇ ಮೊದಲಲ್ಲ. ಹಿಂದೆ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಮನುಷ್ಯರಿಗೆ ಅದು ವಿಷ, ಆದರೆ ಅಂಬಾಸಡರಿನಂಥ ಎಂಜಿನ್ನಿನ ವಾಲ್ವು ಕೂರುವ ಜಾಗಕ್ಕೆ ಅದು ತೆಳುವಾದ ಲೇಪದಂತೆ ಕೆಲಸ ಮಾಡುತ್ತಿತ್ತು. 2000ದ ಹೊತ್ತಿಗೆ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್ ಬಂತು. ನಮ್ಮ ಚಾಚಾ ಹೆಡ್ಡು ಇಳಿಸಿ ಗಟ್ಟಿ ಉಕ್ಕಿನ ಉಂಗುರಗಳನ್ನು ಕೂರಿಸಿಕೊಟ್ಟರು, ಅಲ್ಲಿಗೆ ಆ ಚಿಂತೆ ಮುಗಿಯಿತು. ಈಗ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಎಥೆನಾಲ್. ಅದು ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಬಿರುಕು ಬಿಡಿಸುತ್ತದೆ, ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ನಿಂತೇ ಇರುವ ಗಾಡಿಯಲ್ಲಿ ಟ್ಯಾಂಕಿನ ತಳ ತುಕ್ಕು ಹಿಡಿಯುತ್ತದೆ, ಕಾರ್ಬ್ಯುರೇಟರಿನಲ್ಲಿ ಬಿಳಿ ಪುಡಿ ಕೂರುತ್ತದೆ. ಎರಡೂ ಗಾಡಿಗಳಲ್ಲಿ ಪೆಟ್ರೋಲಿನ ಕೊಳವೆ, ಪಂಪಿನ ಪೊರೆ ಎಲ್ಲವನ್ನೂ ಎಥೆನಾಲ್ ತಾಳುವ ಬಗೆಯದಕ್ಕೆ ಬದಲಿಸಿದ್ದೇನೆ. ಹದಿನೈದು ದಿನಕ್ಕೊಮ್ಮೆಯಾದರೂ ಓಡಿಸುತ್ತೇನೆ. ಪೆಟ್ರೋಲ್ ವಾಸನೆ ಬಂದರೆ ಆ ದಿನವೇ ಕೊಳವೆ ನೋಡಿ, ಮರುದಿನಕ್ಕೆ ಬಿಡಬೇಡಿ. ಹಳೆಯ ಗಾಡಿ ಬೆಂಕಿಗೆ ಸಿಗುವುದು ಹೀಗೆಯೇ.

ಬಿಡಿಭಾಗಗಳ ಬಗ್ಗೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಮಾರುತಿಗೆ ಚಿಂತೆಯಿಲ್ಲ. ಅದೇ 796 ಸಿಸಿ ಎಂಜಿನ್ ಓಮ್ನಿಯಲ್ಲೂ ಇತ್ತು, ಓಮ್ನಿ 2019ರವರೆಗೆ ತಯಾರಾಯಿತು. ಹುಬ್ಬಳ್ಳಿಯಲ್ಲಿ ಕೇಳಿದ ಕೂಡಲೇ ಸಿಗುತ್ತದೆ. ಅಂಬಾಸಡರಿನದು ತಿರುವುಮುರುವು. ಒಂದು ಕಾಲಕ್ಕೆ ಪ್ರತಿ ಊರಿನಲ್ಲಿ ಸಿಗುತ್ತಿದ್ದ ಸಾಮಾನು ಈಗ ಗುಜರಿಯಲ್ಲಿ ಹುಡುಕಬೇಕು, ಇಲ್ಲವೇ ಕೋಲ್ಕತ್ತಾದ ಕಡೆಯಿಂದ ತರಿಸಬೇಕು. ಆದರೆ ಸಿಗದಿದ್ದರೆ ಲೇತಿನಲ್ಲಿ ಮಾಡಿಸಬಹುದು. ಮಾರುತಿಯ ಬೆಲ್ಟನ್ನು ಯಾವ ಲೇತಿನಲ್ಲೂ ಮಾಡಿಸಲಾಗುವುದಿಲ್ಲ. ನಾನು ಭಯಪಡುವುದು ಸಾಮಾನಿಗಲ್ಲ, ಕೈಗಳಿಗೆ. ಚಾಚಾ ಹೋಗಿ ನಾಲ್ಕು ವರ್ಷವಾಯಿತು. ಸದ್ದು ಕೇಳಿ ಕಾಯಿಲೆ ಹೇಳುವವರು ಈಗ ನನಗೆ ಗೊತ್ತಿರುವಂತೆ ಇಬ್ಬರೇ, ಅವರಲ್ಲಿ ಒಬ್ಬರಿಗೆ ಕಿವಿ ಮಂದವಾಗಿದೆ.

ಕೊನೆಯ ಪ್ರಶ್ನೆ ಕೇಳಿದವನು ಅಂಬಾಸಡರ್ ಓಡಿಸಿಕೊಂಡು ಬಂದ ನನ್ನ ವಿದ್ಯಾರ್ಥಿಯೇ: "ಸರ್, ಇದಕ್ಕೆ ಐವತ್ತು ವರ್ಷ ತುಂಬಿದೆ. ವಿಂಟೇಜ್ ಎಂದು ನೋಂದಣಿ ಮಾಡಿಸಬಹುದಲ್ಲ?" ಮಾಡಿಸಬಹುದು. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ 'ವಿಎ' ಅಕ್ಷರಗಳಿರುವ ಬೇರೆಯೇ ಸಂಖ್ಯೆ ಕೊಡುತ್ತಾರೆ. ಚಾಸಿ, ಮೈ, ಎಂಜಿನ್ ಬದಲಾಗಿರಬಾರದು, ನಮ್ಮದರಲ್ಲಿ ಬದಲಾಗಿಲ್ಲ. ಶುಲ್ಕ ಕಟ್ಟಲೂ ನನಗೆ ತೊಂದರೆಯಿಲ್ಲ. ಆದರೆ ಆ ಸಂಖ್ಯೆ ಹಾಕಿದ ಮೇಲೆ ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲ್ ಹಾಕಿಸಲು, ದುರಸ್ತಿಗೆ ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬೇಕು. ದಿನಬಳಕೆ ಕೂಡದು. ಮನೆಯಲ್ಲಿ ಹೆಂಡತಿಯನ್ನು ಕೇಳಿದೆ. "ನವಲೂರಿಗೆ ಹೋಗಬಹುದೇ?" ಎಂದಳು. ಆಗುವುದಿಲ್ಲ ಎಂದೆ. "ಹಾಗಾದರೆ ಬೇಡ" ಎಂದಳು.